ಬಿನೆ-ಕಾಮತ್ ಪರೀಕ್ಷೆಯಲ್ಲಿ ಲೆಕ್ಕ ತಪ್ಪುವ ಜಾಗಗಳು

ಬಿನೆ-ಕಾಮತ್ ಎಂದರೆ ಮಕ್ಕಳ ಬುದ್ಧಿಮಟ್ಟ ಅಳೆಯುವ ಪರೀಕ್ಷೆ. ಮಗುವನ್ನು ಅದಕ್ಕೆ ಕೂರಿಸುವ ಮೊದಲು ನಾನು ನೋಡುವುದು ಹುಟ್ಟಿದ ತಾರೀಖು. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಹಾಗೇ ನಂಬುವುದಿಲ್ಲ. ತಾಯಿ ಕಾರ್ಡ್ ಕೇಳುತ್ತೇನೆ, ಅದಿಲ್ಲದಿದ್ದರೆ ಯಾವ ಹಬ್ಬದ ಆಸುಪಾಸು ಹುಟ್ಟಿದ್ದೆಂದು ಮನೆಯ ಹಿರಿಯರನ್ನು ವಿಚಾರಿಸುತ್ತೇನೆ. ಇಲ್ಲಿ ಐಕ್ಯೂ (ಬುದ್ಧಿಮಟ್ಟದ ಅಂಕ) ಎಂದರೆ ಮಾನಸಿಕ ವಯಸ್ಸನ್ನು, ಅಂದರೆ ಮಗುವಿನ ಉತ್ತರಗಳು ಯಾವ ವಯಸ್ಸಿನ ಮಟ್ಟದವು ಎಂಬುದನ್ನು, ನಿಜ ವಯಸ್ಸಿನಿಂದ ಭಾಗಿಸಿ 100ರಿಂದ ಗುಣಿಸಿದ್ದು. ಮಾನಸಿಕ ವಯಸ್ಸು 72 ತಿಂಗಳು ಬಂತೆನ್ನಿ. ದಾಖಲೆಯ ವಯಸ್ಸು 100 ತಿಂಗಳಾದರೆ ಐಕ್ಯೂ 72. ನಿಜ ವಯಸ್ಸು 108 ಆಗಿದ್ದರೆ 67. ಸೌಮ್ಯ ಬೌದ್ಧಿಕ ಅಂಗವೈಕಲ್ಯವನ್ನು ಅದರ ಮೇಲಿನ ಬಾರ್ಡರ್‌ಲೈನ್ ಮಟ್ಟದಿಂದ ಬೇರ್ಪಡಿಸುವ 70ರ ಗೆರೆ ಈ ಎರಡರ ನಡುವೆಯೇ ಇದೆ.

3ರಿಂದ 10 ವರ್ಷದವರೆಗೆ ಪ್ರತಿ ವಯಸ್ಸಿಗೂ 6 ಪ್ರಶ್ನೆ, ಒಂದೊಂದಕ್ಕೆ 2 ತಿಂಗಳು. ಆರನ್ನೂ ಸರಿಯಾಗಿ ಮಾಡಿದ ಮಟ್ಟ ಬೇಸಲ್ ವಯಸ್ಸು. ಆರರಲ್ಲಿ ಒಂದು ತಪ್ಪಿದರೂ ಇನ್ನೊಂದು ವರ್ಷ ಕೆಳಗಿಳಿಯಬೇಕು. ಬೇಸಲ್ 6 ವರ್ಷ, ಏಳರಲ್ಲಿ 4, ಎಂಟರಲ್ಲಿ 2, ಒಂಬತ್ತರಲ್ಲಿ 1 ಸರಿ ಎಂದಾದರೆ 72+8+4+2, ಅಂದರೆ 86 ತಿಂಗಳು. ಎಂಟರಲ್ಲಿ ನಾಲ್ಕು ತಪ್ಪಿತೆಂದು ಅಲ್ಲಿಗೇ ನಿಲ್ಲಿಸುವವರಿದ್ದಾರೆ. ಆರೂ ತಪ್ಪುವ ಮಟ್ಟದವರೆಗೆ ಹೋಗದಿದ್ದರೆ ಮಗುವಿಗೆ ಸಲ್ಲಬೇಕಾದ ತಿಂಗಳುಗಳು ಹೋಗುತ್ತವೆ. ಚಿಕ್ಕವರಲ್ಲಿ ಇದು ಇನ್ನೂ ಗಂಭೀರ: 100 ತಿಂಗಳ ಮಗುವಿಗೆ ಒಂದು ಪ್ರಶ್ನೆ ಐಕ್ಯೂನಲ್ಲಿ 2 ಅಂಕವಾದರೆ, 50 ತಿಂಗಳ ಮಗುವಿಗೆ ಅದೇ 4 ಅಂಕ.

ಅಂಕಿಗಳನ್ನು ಕೇಳಿಸಿ ನೆನಪಿನಿಂದ ಮರಳಿ ಹೇಳಿಸುವ ಪ್ರಶ್ನೆಯಲ್ಲಿ ಸೆಕೆಂಡಿಗೆ ಒಂದರಂತೆ, ಒಂದೇ ದನಿಯಲ್ಲಿ ಹೇಳುತ್ತೇನೆ. "ನಲವತ್ತೇಳು" ಅನ್ನದೆ "ನಾಲ್ಕು, ಏಳು" ಎಂದು ಬಿಡಿಬಿಡಿಯಾಗಿ. ಜೋಡಿಸಿ ಹೇಳಿದರೆ ನೆನಪಿಡುವುದು ಸುಲಭವಾಗಿ ಅಂಕ ಏರುತ್ತದೆ. ಪಕ್ಕದಲ್ಲಿ ಕೂತ ಅಮ್ಮ ತುಟಿಯಾಡಿಸಿ ಉತ್ತರ ಹೇಳಿಕೊಡುವುದುಂಟು, ಅದಕ್ಕೇ ಅವರನ್ನು ಮಗುವಿನ ಬೆನ್ನ ಹಿಂದೆ ಕೂರಿಸುತ್ತೇನೆ.

ವಿ.ವಿ. ಕಾಮತ್ ಬಿನೆಯ ಪರೀಕ್ಷೆಯನ್ನು 1934ರಲ್ಲಿ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಕನ್ನಡದ ಮಾತಿನ ಪ್ರಶ್ನೆಗಳನ್ನಷ್ಟೇ ಕೇಳಿ ಐಕ್ಯೂ ಬರೆಯುವುದು ಅನ್ಯಾಯ. ಅಂಥವರಿಗೆ ಮೊದಲು ಮಾತು ಬೇಡದ ಸೆಗ್ವಿನ್ ಫಾರ್ಮ್ ಬೋರ್ಡ್ ಕೊಡುತ್ತೇನೆ: 10 ಮರದ ತುಂಡುಗಳನ್ನು ಹಲಗೆಯ ಅದದೇ ಆಕಾರದ ಗುಳಿಗಳಲ್ಲಿ ಕೂರಿಸುವುದು, ಮೂರು ಸಲ, ಅತಿ ಕಡಿಮೆ ಹಿಡಿದ ಸಮಯವೇ ಲೆಕ್ಕಕ್ಕೆ. ಆಮೇಲೆ ರೇವನ್‌ನ 36 ಬಣ್ಣದ ಮಾದರಿಗಳು, ಒಂದೊಂದರಲ್ಲೂ ಬಿಟ್ಟುಹೋದ ತುಂಡನ್ನು ಆರಿಸಬೇಕು. ಇವೆರಡರ ಫಲಿತಾಂಶಕ್ಕೂ ಮಾತಿನ ಪ್ರಶ್ನೆಗಳ ಫಲಿತಾಂಶಕ್ಕೂ ದೊಡ್ಡ ಅಂತರ ಕಂಡರೆ ಮಗುವಿನ ಮನೆಮಾತು ಬಲ್ಲವರನ್ನು ಕರೆಸಿ ಮತ್ತೆ ನೋಡಬೇಕು, ಕಿವಿಯನ್ನೂ ಪರೀಕ್ಷಿಸಬೇಕು.

ವರದಿಯಲ್ಲಿ ಐಕ್ಯೂ ಜೊತೆಗೆ ವೈನ್‌ಲ್ಯಾಂಡ್ ಮಾಪನದ ಸಾಮಾಜಿಕ ವಯಸ್ಸನ್ನೂ ಬರೆಯುತ್ತೇನೆ: ತಾನೇ ಸ್ನಾನ ಮಾಡುತ್ತದೆಯೇ, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತದೆಯೇ ಎಂಬಂಥ ಪ್ರಶ್ನೆಗಳಿಂದ ಸಿಗುವುದು ಅದು. ಪರೀಕ್ಷೆಯ ದಿನ ಜ್ವರವಿತ್ತೇ, ಫಿಟ್ಸ್ ಮಾತ್ರೆಯ ಮಂಪರಿತ್ತೇ ಎಂಬುದೂ ಅದೇ ಪುಟದಲ್ಲಿರಬೇಕು.