ಅಡಿಕೆ ಮರಕ್ಕೆ ಮನೆಯಲ್ಲೇ ಹೊಲಿದ ಸ್ಯಾಡಲ್: ಹೊಸದು ಕೊಳ್ಳದೆ ಬದಲಿಸಿದ್ದು ಏನೇನು

ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವವರು ಸೊಂಟಕ್ಕೆ ಕಟ್ಟಿಕೊಂಡು ಮರಕ್ಕೆ ಜೋತು ಕೂರುವ ಸ್ಯಾಡಲ್ ಇದೆಯಲ್ಲ, ನನ್ನದು ಅದೇ ಮಾದರಿ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯ ಮಾತೇ ಇಲ್ಲ. ಆದರೆ ಎರಡೂ ಕೈ ಬಿಟ್ಟು ಮರದ ಮೇಲೆ ಗಂಟೆಗಟ್ಟಲೆ ಕೂರಬೇಕು ಎಂಬ ಅವರ ಅಗತ್ಯವೂ ಅಡಿಕೆಯ ಕೊಳೆರೋಗಕ್ಕೆ ಔಷಧಿ (ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ) ಹೊಡೆಯುವವರ ಅಗತ್ಯವೂ ಒಂದೇ. ಮರ ಹತ್ತಿ ಅಡಿಕೆ ಗೊನೆ ಇಳಿಸುವ, ಔಷಧಿ ಹೊಡೆಯುವ ಕೊನೆಗಾರರು ಮೊದಲು ಇದನ್ನು ಒಪ್ಪಲಿಲ್ಲ. ಮರದ ಮೇಲೆ ಕೂರಲು ಮಣೆ ಇರುವಾಗ ಈ ಪಟ್ಟಿ ಯಾಕೆ, ಮರದಿಂದ ಮರಕ್ಕೆ ದಾಟುವಾಗ ಬಿಚ್ಚಿ ಕಟ್ಟುತ್ತ ಕೂತರೆ ಹೊತ್ತು ಮುಳುಗುತ್ತದೆ ಎಂದರು. ಈಗ ನಮ್ಮ ಕೇರಿಯಲ್ಲಿ ಇದೇ ಅಳತೆಯ ಸ್ಯಾಡಲ್ ಹೊಲಿಸಿಕೊಂಡವರು ಹಲವರಿದ್ದಾರೆ. ಎಲ್ಲರೂ ಕೇಳುವುದು ಒಂದನ್ನೇ: ಎರಡು ಮಳೆಗಾಲ ಕಳೆದ ಮೇಲೆ ಇದನ್ನೇ ಇಟ್ಟುಕೊಳ್ಳಬೇಕೋ, ಕಂಪನಿಯದು ತರಿಸಬೇಕೋ?

ನನ್ನ ತೀರ್ಮಾನ: ಇಡೀ ಸ್ಯಾಡಲ್ ಬದಲಿಸುವ ಅಗತ್ಯವಿಲ್ಲ. ಕೂರುವ ಭಾಗ ನಿಧಾನಕ್ಕೆ ಸವೆಯುತ್ತದೆ. ಹಗ್ಗ, ಪ್ರುಸಿಕ್ ದಾರ (ಹಗ್ಗಕ್ಕೆ ಸುತ್ತಿ ಗಂಟು ಹಾಕುವ, ಭಾರ ಬಿದ್ದಾಗ ಕಚ್ಚಿಕೊಳ್ಳುವ ಸಣ್ಣ ದಾರ), ಕ್ಯಾರಾಬಿನರ್ (ಬಾಗಿಲಿರುವ ಲೋಹದ ಕೊಂಡಿ), ಹೊಲಿಗೆ, ಈ ನಾಲ್ಕು ಬೇಗ ಹಾಳಾಗುತ್ತವೆ. ದುಡ್ಡು ಅಲ್ಲಿಗೆ ಹೋಗಬೇಕು. ಅಮೆರಿಕದ ಸ್ಯಾಡಲ್ ಒಂದಕ್ಕೆ 200ರಿಂದ 400 ಡಾಲರ್. ಸಾಗಣೆ, ಸುಂಕ ಸೇರಿದರೆ ಮೂವತ್ತು ನಲವತ್ತು ಸಾವಿರ ಆಗುತ್ತದೆ. ನನ್ನದಕ್ಕೆ ಮೊದಲ ಸಲ ಆದ ಖರ್ಚು ಎರಡೂವರೆ ಸಾವಿರದ ಆಸುಪಾಸು, ಆಮೇಲೆ ಬಿಡಿಭಾಗಕ್ಕೆ ನಾಲ್ಕು ಸಾವಿರ.

ಅಳತೆ ಹೇಳಿಬಿಡುತ್ತೇನೆ. ಕೂರುವ ಪಟ್ಟೆ 30 ಸೆಂ.ಮೀ. ಎತ್ತರ, 75 ಸೆಂ.ಮೀ. ಅಗಲ, ಎರಡು ಪದರ ಕ್ಯಾನ್ವಾಸ್. ಮೇಲಂಚಿಗೂ ಕೆಳಂಚಿಗೂ 45 ಮಿ.ಮೀ. ನೈಲಾನ್ ಪಟ್ಟಿ. ಈ ಪಟ್ಟಿ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ತುಂಡಾಗದೆ ಓಡಬೇಕು, ಎರಡೂ ತುದಿಯಲ್ಲಿ ಮಡಚಿ ಕುಣಿಕೆಯಾಗಬೇಕು. ಭಾರ ಹೊರುವುದು ಪಟ್ಟಿಯೇ. ಕ್ಯಾನ್ವಾಸ್ ಇರುವುದು ತೊಡೆಗೆ ಒತ್ತದಿರಲಿ ಎಂದು ಮಾತ್ರ. ಕ್ಯಾನ್ವಾಸಿಗೆ ಕುಣಿಕೆ ಹೊಲಿದ ಸ್ಯಾಡಲ್‌ಗಳನ್ನೂ ನೋಡಿದ್ದೇನೆ. ಅವನ್ನು ದುರಸ್ತಿ ಮಾಡಲು ಹೋಗಬೇಡಿ, ಬಿಸಾಡಿ. ಕಾಲಿನ ಪಟ್ಟಿ ಎರಡು, ಬಕಲ್ ಕಬ್ಬಿಣದ್ದು. ಸೊಂಟದ ಎರಡು ಕುಣಿಕೆ ಸೇರಿಸುವ ಬ್ರಿಡ್ಜ್ ಹಗ್ಗ 11 ಮಿ.ಮೀ., ಗಂಟು ಹಾಕಿದ ಮೇಲೆ ಉಳಿಯುವ ಉದ್ದ 75 ಸೆಂ.ಮೀ.

ಈ 75ಕ್ಕೆ ಕಾರಣವಿದೆ. ಮೊದಲು 50 ಇತ್ತು. ಬ್ರಿಡ್ಜ್ ಗಿಡ್ಡವಾದಷ್ಟೂ ಎರಡೂ ಬದಿಯ ಕುಣಿಕೆಗಳು ಒಳಕ್ಕೆ ಎಳೆದು ಸೊಂಟದ ಮೂಳೆಯನ್ನು ಹಿಂಡುತ್ತವೆ. ಅರ್ಧ ಗಂಟೆಯಲ್ಲಿ ಕಾಲು ಜುಮುಗುಟ್ಟುತ್ತದೆ. ಬಹಳಷ್ಟು ಜನ ಸ್ಯಾಡಲ್ ಸರಿಯಿಲ್ಲ ಎಂದು ಹೊಸದರ ಯೋಚನೆ ಮಾಡುವುದೇ ಈ ನೋವಿಗೆ. ಬ್ರಿಡ್ಜಿನ ಹಗ್ಗವೊಂದನ್ನು ಬದಲಿಸಿದರೆ ನೋವು ಹೋಗುತ್ತದೆ. ಆದರೂ ಹೋಗದಿದ್ದರೆ ಮರಕ್ಕೆ ಕಟ್ಟುವ ಹಗ್ಗವನ್ನು ಹಣೆಯ ಮಟ್ಟಕ್ಕಿಂತ ಒಂದು ಗೇಣು ಮೇಲಕ್ಕೆ ಸರಿಸಿ ನೋಡಿ.

ಇನ್ನು ಹೊಲಿಗೆ. ದರ್ಜಿಯ ಹತ್ತಿ ದಾರ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ಬೆವರು, ಸುಣ್ಣ, ತೇವ ಸೇರಿ ಒಳಗಿಂದಲೇ ಕೊಳೆಯುತ್ತದೆ. ಬೇಕಾದದ್ದು ಬಾಂಡೆಡ್ ನೈಲಾನ್ ದಾರ, 92ನೇ ನಂಬರು. ಮನೆಯ ಹೊಲಿಗೆ ಯಂತ್ರ ನಾಲ್ಕು ಪದರ ಪಟ್ಟಿಯನ್ನು ತಳ್ಳುವುದಿಲ್ಲ, ಹೊಲಿಗೆ ತಪ್ಪಿಸುತ್ತದೆ, ಕೆಳಗಿನ ದಾರ ಸಡಿಲ ಬಿಡುತ್ತದೆ. ಜೀಪಿನ ಸೀಟ್ ಕವರ್ ಹೊಲಿಯುವವರ ಹತ್ತಿರ ಕೊಡಿ, ಮುನ್ನೂರು ನಾನೂರು ತೆಗೆದುಕೊಳ್ಳುತ್ತಾರೆ. ಪಟ್ಟಿಯನ್ನು 10 ಸೆಂ.ಮೀ. ಮಡಚಿ ಚೌಕ ಹೊಲಿದು, ಒಳಗೆ ಅಡ್ಡಡ್ಡ ಗುಣಾಕಾರದ ಗುರುತು ಹೊಲಿಸಬೇಕು. ಹಾಗೆ ಹೊಲಿದರೆ ಒಂದು ಕುಣಿಕೆಗೆ ಸುಮಾರು 150 ಹೊಲಿಗೆ ಬೀಳುತ್ತದೆ. ಒಂದೊಂದು ಆರೇಳು ಕಿಲೋ ತಡೆಯುತ್ತದೆ ಎಂದು ಹಿಡಿದರೂ ಒಟ್ಟು ಒಂದು ಟನ್ನಿನ ಹತ್ತಿರ ಬರುತ್ತದೆ. ಕಪ್ಪು ಪಟ್ಟಿಗೆ ಹಳದಿ ದಾರ ಹಾಕಿಸಿ. ಒಂದು ಹೊಲಿಗೆ ಕಿತ್ತರೂ ದೂರಕ್ಕೆ ಕಾಣುತ್ತದೆ. ಕಪ್ಪಿಗೆ ಕಪ್ಪು ದಾರ ಅಂದವಾಗಿರುತ್ತದೆ, ಆದರೆ ತಪಾಸಣೆ ಮಾಡಲು ಬರುವುದಿಲ್ಲ.

ಮರಕ್ಕೆ ಸುತ್ತುವ ಹಗ್ಗದ ವಿಷಯದಲ್ಲಿ ಅಮೆರಿಕದವರ ಲೆಕ್ಕ ನಮಗೆ ಆಗುವುದಿಲ್ಲ. ಅವರದು ಓಕ್‌ನಂಥ ದಪ್ಪ ಮರ, ಒರಟು ತೊಗಟೆ. ನಮ್ಮದು ಹತ್ತು ಹದಿನೈದು ಸೆಂ.ಮೀ. ದಪ್ಪದ ನುಣುಪು ಕಾಂಡ, ಮೇಲೆ ಹೋದಂತೆ ಇನ್ನೂ ಸಪೂರ. ಆಷಾಢದಲ್ಲಿ ಅದಕ್ಕೆ ಹಾವಸೆ ಬೇರೆ. ಒಂದೇ ಸುತ್ತಿನ ಕುಣಿಕೆ ಒದ್ದೆ ಕಾಂಡದಲ್ಲಿ ಜಾರುತ್ತದೆ. ಎರಡು ಸುತ್ತು ಹಾಕಿ ಆಮೇಲೆ ಕೊಂಡಿ ಸಿಕ್ಕಿಸಿದರೆ ನಿಲ್ಲುತ್ತದೆ. ಹಗ್ಗಕ್ಕೆ ಸೈಕಲ್ ಟ್ಯೂಬು ತೊಡಿಸಿ ನೋಡಿದ್ದಾಯಿತು. ಬೇಸಗೆಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಹಾವಸೆಯ ಮೇಲೆ ಸೋಪಿನಂತೆ ಜಾರುತ್ತದೆ. ಗೆದ್ದದ್ದು ತೆಂಗಿನ ನಾರಿನ ಸಣ್ಣ ಹುರಿ. ಹಗ್ಗದ ಮರಕ್ಕೆ ತಾಗುವ ಭಾಗಕ್ಕೆ, ಒಂದೂಕಾಲು ಮೀಟರಿನಷ್ಟಕ್ಕೆ, ಒತ್ತಾಗಿ ಸುತ್ತಿದರೆ ಒದ್ದೆಯಲ್ಲೂ ಕಚ್ಚುತ್ತದೆ. ನಾರು ಭಾರ ಹೊರುವುದಿಲ್ಲ, ಹಿಡಿತಕ್ಕೆ ಮಾತ್ರ. ಅದರಡಿ ಹಗ್ಗ ಸವೆದರೆ ಕಾಣುವುದಿಲ್ಲವಾದ್ದರಿಂದ ತಿಂಗಳಿಗೊಮ್ಮೆ ಬಿಚ್ಚಿ, ಬೆರಳಿನಿಂದ ಹಿಸುಕುತ್ತ ನೋಡಿ ಮತ್ತೆ ಸುತ್ತಬೇಕು. ಸುತ್ತುವ ದಿಕ್ಕಿನಲ್ಲಿ ಒಂದು ಗುಟ್ಟಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎರಡೂ ದಿಕ್ಕಿಗೆ ಸುತ್ತಿ ನೋಡಿದವರಿಗೆ ತಾನಾಗಿ ಗೊತ್ತಾಗುತ್ತದೆ.

ಮೊದಲ ಹಗ್ಗ ಹಾರ್ಡ್‌ವೇರ್ ಅಂಗಡಿಯ ಹೆಣೆದ ನೈಲಾನ್, ನಾನೂರು ರೂಪಾಯಿಯದು. ಕೂತಾಗ ಹಿಗ್ಗುತ್ತದೆ, ಎದ್ದಾಗ ಕುಗ್ಗುತ್ತದೆ. ಮರವೇ ತೂಗುವಾಗ ಈ ಉಯ್ಯಾಲೆ ಸಹಿಸಲಾಗದು. ಬದಲಿಸಿದ್ದರಲ್ಲಿ ಇದು ಮೊದಲನೆಯದು: ಯುರೋಪಿನ ಇಎನ್ 1891 ಮಾನಕದ ಎ ವರ್ಗದ 11 ಮಿ.ಮೀ. ಸ್ಟ್ಯಾಟಿಕ್ (ಹೆಚ್ಚು ಹಿಗ್ಗದ) ಹಗ್ಗ, 10 ಮೀಟರ್, ಸಾವಿರದ ಐನೂರರ ಹತ್ತಿರ. ಅದನ್ನೇ ಕತ್ತರಿಸಿ ಎರಡು ಮರದ ಹಗ್ಗ, ಒಂದು ಬ್ರಿಡ್ಜ್. ಬ್ರಿಡ್ಜಿಗೆ ಡೈನೀಮಾ ಎಂಬ ಹಗುರ, ಗಟ್ಟಿ ಪ್ಲಾಸ್ಟಿಕ್ ನಾರಿನ ಹಗ್ಗ ಹಾಕಿ ಎಂದು ಕೆಲವರು ಹೇಳುತ್ತಾರೆ. ತೂಕ ಕಡಿಮೆ ನಿಜ. ಆದರೆ ಅದರಲ್ಲಿ ಗಂಟು ಜಾರುತ್ತದೆ, ಹಗ್ಗದೊಳಗೇ ಹಗ್ಗ ತೂರಿಸಿ ಕುಣಿಕೆ ಮಾಡಬೇಕು, 6 ಮಿ.ಮೀ. ಹಗ್ಗಕ್ಕೆ ಒಂದೂವರೆ ಅಡಿ ಒಳಗೆ ಹೋಗಬೇಕು. ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ವಸ್ತು ಅದು. ಈ ಕೈಚಳಕ ಬಾರದವರಿಗೆ 11 ಮಿ.ಮೀ. ಹಗ್ಗವೇ ಕ್ಷೇಮ.

ಎರಡನೆಯದು ಕ್ಯಾರಾಬಿನರ್. ಬೋರ್ಡೋ ದ್ರಾವಣ ಮಾಡುವವರಿಗೆಲ್ಲ ಕತ್ತಿಯ ಪರೀಕ್ಷೆ ಗೊತ್ತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿ ಕಬ್ಬಿಣದ ಕತ್ತಿ ಅದ್ದಿದಾಗ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಕತ್ತಿಗೆ ಆಗುವುದೇ ನಿಮ್ಮ ಕೊಂಡಿಗೂ ಆಗುತ್ತದೆ. ಅಲ್ಯೂಮಿನಿಯಂ ಕೊಂಡಿಯ ಮೇಲೆ ಔಷಧಿ ಬಿದ್ದು ಒಣಗಿದರೆ ಸಣ್ಣ ಗುಳಿಗಳು ಏಳುತ್ತವೆ, ಬಾಗಿಲಿನ ಸ್ಪ್ರಿಂಗು ಸುಣ್ಣ ತುಂಬಿ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ಮುಚ್ಚಿದ ಕೊಂಡಿಗೆ ಮುಚ್ಚಿದ ಕೊಂಡಿಯ ಮೂರನೇ ಒಂದು ಭಾಗದಷ್ಟು ಬಲವಷ್ಟೇ. ಸತುವಿನ ಲೇಪದ ಉಕ್ಕು ಸ್ವಲ್ಪ ವಾಸಿ, ಲೇಪ ಹೋದ ಮೇಲೆ ತುಕ್ಕು. ಈಗ ಇರುವುದು ಸ್ಟೇನ್‌ಲೆಸ್, ತಿರುಪಿನ ಬಾಗಿಲಿನದು, ಜೋಡಿಗೆ ಸಾವಿರದ ಎಂಟುನೂರು. ಉದ್ದಕ್ಕೆ 22 ಕಿಲೋನ್ಯೂಟನ್ (ಸುಮಾರು 2,200 ಕಿಲೋ ಭಾರ) ಎಂದು ಬರೆದ ಕೊಂಡಿ ಅಡ್ಡಕ್ಕೆ ಏಳೆಂಟು ಮಾತ್ರ ತಡೆಯುತ್ತದೆ. ಸಪೂರ ಕಾಂಡದಲ್ಲಿ ಕೊಂಡಿ ಅಡ್ಡ ಬೀಳುವುದು ಬಲು ಸುಲಭ. ಅದಕ್ಕೆ ಹಗ್ಗದ ಕಣ್ಣಿಗೆ ಬಿಗಿಯಾದ ರಬ್ಬರ್ ಉಂಗುರ ಹಾಕಿ ಕೊಂಡಿಯ ದಿಕ್ಕು ತಿರುಗದಂತೆ ಮಾಡಿದ್ದೇನೆ.

ಮೂರನೆಯದು ಪ್ರುಸಿಕ್ ದಾರ, 8 ಮಿ.ಮೀ., ಮೂರು ಸುತ್ತು. ಸುಣ್ಣ ಹಿಡಿದ ದಾರ ಗಟ್ಟಿಯಾಗಿ ಕಚ್ಚುವುದನ್ನೇ ಬಿಡುತ್ತದೆ. ಇದಕ್ಕೆ ದುರಸ್ತಿಯಿಲ್ಲ, ಪ್ರತಿ ವರ್ಷ ಹೊಸದು, ಮುನ್ನೂರು ರೂಪಾಯಿ. ಗಂಟಿನ ಬದಲು ಹಲ್ಲಿನ ಕ್ಲ್ಯಾಂಪ್ ಹಾಕಿಯೂ ನೋಡಿದೆ. ಒಣ ಹವೆಯಲ್ಲಿ ಸೊಗಸು, ಒಂದೇ ಕೈಯಲ್ಲಿ ಸರಿಯುತ್ತದೆ. ಔಷಧಿಯ ದಿನ ಹಲ್ಲಿನ ಸಂದಿಗೆ ಸುಣ್ಣ ಕೂತು ಜಾರಿತು. ಇದ್ದಕ್ಕಿದ್ದಂತೆ ಭಾರ ಬಿದ್ದರೆ ಹಲ್ಲು ಹಗ್ಗದ ಹೊದಿಕೆಯನ್ನೇ ಸಿಗಿಯುತ್ತದೆ. ಕೊಯ್ಲಿಗೆ ಮಾತ್ರ ಅದು.

ಏನು ಬದಲಿಸಿದರೂ ಮರ ಹತ್ತುವ ಮೊದಲು ಭಾರ ಕಟ್ಟಿ ನೋಡಬೇಕು. ಹಲಸಿನ ಗಟ್ಟಿ ಕೊಂಬೆಗೆ ಚೈನ್‌ಪುಲ್ಲಿ ಹಾಕಿ, ಸ್ಯಾಡಲ್‌ಗೆ 50 ಕಿಲೋದ ಆರು ಸಿಮೆಂಟ್ ಚೀಲ, ಒಟ್ಟು 300 ಕಿಲೋ, ನೆಲದಿಂದ ಒಂದು ಗೇಣು ಎತ್ತಿ ಹತ್ತು ನಿಮಿಷ ಬಿಡಿ. ಎತ್ತುವ ಮೊದಲು ಪ್ರತಿ ಹೊಲಿಗೆಯ ಅಂಚಿಗೂ ಗಂಟಿಗೂ ಪೆನ್ನಿನಲ್ಲಿ ಗೆರೆ ಎಳೆಯಿರಿ. ಇಳಿಸಿದ ಮೇಲೆ ಹೊಲಿಗೆಯ ಗೆರೆ ಒಂದು ನೂಲು ಸರಿದಿದ್ದರೂ ಆ ಹೊಲಿಗೆ ಬಿಚ್ಚಿ ಮತ್ತೆ ಹಾಕಿಸಿ. ಗಂಟು ಮೊದಲ ಸಲ ಬಿಗಿಯಾಗಿ ತುಸು ಸರಿಯುತ್ತದೆ, ಎರಡನೇ ಸಲ ಸರಿಯಬಾರದು. ಇದು ನಿಂತ ಭಾರದ ಪರೀಕ್ಷೆ, ಬೀಳುವ ಭಾರದ್ದಲ್ಲ. ಸ್ಯಾಡಲ್ ಬೀಳುವವನನ್ನು ಹಿಡಿಯುವ ಸಾಧನವೂ ಅಲ್ಲ. ಮರದ ಹಗ್ಗ ಯಾವಾಗಲೂ ಬಿಗಿಯಾಗಿರಬೇಕು, ಸೊಂಟಕ್ಕಿಂತ ಕೆಳಗೆ ಬರಬಾರದು. ಕಾರ್ಖಾನೆಯವರ ಪೂರ್ತಿ ಮೈಯ ಬೆಲ್ಟು, ಭಾರತೀಯ ಮಾನಕ ಐಎಸ್ 3521ರದ್ದು, ಬೆನ್ನಿಗೆ ಉಂಗುರ ಇರುವಂಥದ್ದು, ಎರಡು ಸಾವಿರಕ್ಕೆ ಸಿಗುತ್ತದೆ. ಆದರೆ ಅಡಿಕೆ ಮರದಲ್ಲಿ ತಲೆಯ ಮೇಲೆ ಅದನ್ನು ಕಟ್ಟಲು ಸೋಗೆ ಬಿಟ್ಟರೆ ಏನಿದೆ?

ದಾಟುವ ವಿಷಯ. ಎರಡು ಮರದ ಹಗ್ಗ ಇಟ್ಟುಕೊಂಡದ್ದು ಇದಕ್ಕೇ. ಪಕ್ಕದ ಮರವನ್ನು ಕೊಕ್ಕೆಯಿಂದ ಎಳೆದು, ಎರಡನೇ ಹಗ್ಗ ಅದಕ್ಕೆ ಸುತ್ತಿ ಕೊಂಡಿ ತಿರುಪು ಹಾಕಿ, ತಳೆ (ಮರ ಹತ್ತಲು ಕಾಲಿಗೆ ಹಾಕುವ ಬಳೆ) ಬದಲಿಸಿದ ಮೇಲೆಯೇ ಮೊದಲನೆಯದನ್ನು ಬಿಚ್ಚುವುದು. ಒಂದು ಮರಕ್ಕೆ ಮುಕ್ಕಾಲು ನಿಮಿಷ ಹೆಚ್ಚು ಹಿಡಿಯುತ್ತದೆ. ಆದರೆ ಔಷಧಿ ಹೊಡೆಯುವಾಗ ಎರಡೂ ಕೈ ಪೈಪಿಗೇ ಸಿಗುವುದರಿಂದ ಆ ಹೊತ್ತು ವಾಪಸ್ಸು ಬರುತ್ತದೆ. ಅಡಿಕೆ ಗೊನೆಯ ಎಲ್ಲ ಬದಿಗೂ ದ್ರಾವಣ ಬೀಳುತ್ತದೆ, ಕೊಳೆ ಕಡಿಮೆಯಾದದ್ದು ತೋಟ ನೋಡಿದವರಿಗೆ ಗೊತ್ತು. ಹಗ್ಗ, ನೆಲದಲ್ಲೇ ನಿಂತು ಔಷಧಿ ಹೊಡೆಯುವ, ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಗೆ ಪೈಪೋಟಿ ಎಂದು ನಾನು ಹೇಳುವುದಿಲ್ಲ. ಸಮತಟ್ಟಾದ ತೋಟದಲ್ಲಿ ದೋಟಿಯೇ ಸರಿ. ಕಣಿವೆಯ ತೋಟದಲ್ಲಿ, ನಿಲ್ಲಲು ಜಾಗವಿಲ್ಲದ ಕಾದಿಗೆಯ (ನೀರು ಬಸಿಯುವ ಕಾಲುವೆಯ) ಪಕ್ಕದಲ್ಲಿ, ಎಪ್ಪತ್ತು ಅಡಿಯ ಹಳೇ ಮರಗಳಲ್ಲಿ ಸ್ಯಾಡಲ್ ಬೇಕು. ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ಟರ ಮರ ಹತ್ತುವ ಬೈಕ್ 2019ರಲ್ಲಿ ದೇಶವೆಲ್ಲ ಸುದ್ದಿಯಾಯಿತು. ಅದು ಮರ ಹತ್ತಿಸಿ ಇಳಿಸುವ ಯಂತ್ರ, ಮರದಿಂದ ಮರಕ್ಕೆ ದಾಟುವ ಕೆಲಸ ಬೇರೆ.

ಯಾವ ಸ್ಯಾಡಲ್ ಇದ್ದರೂ ಹತ್ತಬಾರದ ಮರಗಳಿವೆ. ನೈರುತ್ಯದ ಬಿಸಿಲಿಗೆ ಸುಟ್ಟು ಸೀಳಿದ ಕಾಂಡ, ಬುಡದಲ್ಲಿ ಅಣಬೆ ರೋಗ ಬಂದದ್ದು, ಹಿಡಿಮುಂಡಿಗೆಯಿಂದ ತಲೆ ಸಣ್ಣಗಾದದ್ದು. ಇಂಥ ಮರ ಮುರಿದರೆ ಹಗ್ಗ ಕಟ್ಟಿಕೊಂಡವನು ಹಾರಿ ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಮಳೆಗೆ ಮೊದಲೇ ತೋಟ ಸುತ್ತಿ ಅವಕ್ಕೆ ಕೆಂಪು ಬಣ್ಣ ಬಳಿಯುತ್ತೇನೆ.

ಕೆಲಸ ಮುಗಿದ ದಿನ ಸಂಜೆಯೇ ತಣ್ಣೀರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ. ಸುಣ್ಣ ಬಿಡಿಸಲು ಹುಳಿ ನೀರು, ವಿನೆಗರ್ ಬೇಡ, ನೈಲಾನ್‌ಗೆ ಆಮ್ಲ ಆಗದು. ರಬ್ಬರ್ ತೋಟ ಇರುವ ಮನೆಯಲ್ಲಿ ಫಾರ್ಮಿಕ್ ಆಸಿಡ್ ಕ್ಯಾನಿನ ಹತ್ತಿರ, ಇನ್ವರ್ಟರ್ ಬ್ಯಾಟರಿಯ ಮೇಲೆ ಇಡಲೇಬೇಡಿ. ಪಟ್ಟಿ ನೋಡಲು ಹೊಸದರಂತೆಯೇ ಇರುತ್ತದೆ, ಬಲ ಹೋಗಿರುತ್ತದೆ. ಅಟ್ಟದಲ್ಲಿ ತೂಗುಹಾಕಿದರೆ ಬೆವರಿನ ಉಪ್ಪಿಗೆ ಇಲಿ ಕಡಿಯುತ್ತದೆ, ಮುಚ್ಚಳವಿರುವ ಡಬ್ಬಿಯೇ ಒಳ್ಳೆಯದು.

ಈಗ ಉಳಿದಿರುವುದು ಕೆಳಂಚಿನ ಪಟ್ಟಿ. ಕಾಂಡಕ್ಕೆ ಉಜ್ಜಿ ಒಂದು ಕಡೆ ನೂಲು ಎದ್ದಿದೆ. ಮುಂದಿನ ವೈಶಾಖದೊಳಗೆ ಅದೊಂದನ್ನು ಬಿಚ್ಚಿಸಿ ಹೊಸ ಪಟ್ಟಿ ಹೊಲಿಸಬೇಕು: ಪಟ್ಟಿ ಎರಡು ಮೀಟರ್, ಮಜೂರಿ ಸೇರಿ ಮುನ್ನೂರೈವತ್ತು. ಆಮೇಲೆ ಮತ್ತೆ ಆರು ಚೀಲ.