ಎಡಮಂಡಿಯ ಎರಡು ವರ್ಷದ ಲೆಕ್ಕ

ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಏನೂ ಆಗಿರಲಿಲ್ಲ. ಇಳಿಯುವಾಗ, ದೊಡ್ಡ ನಂದಿಗಿಂತ ಸ್ವಲ್ಪ ಮೇಲೆ, ಎಡಮಂಡಿಯ ಒಳಮಗ್ಗುಲು ಚುಳ್ ಎಂದಿತು. ಮಗಳ ಹೆಗಲು ಹಿಡಿದು, ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು ಇಳಿದೆ. ಆಗ ನನಗೆ 51 ವರ್ಷ. ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ 26 ವರ್ಷ ಕಳೆದಿದ್ದವು. ಮಂಡಿ ಸವೆತ ಮೊದಲು ಗೊತ್ತಾಗುವುದು ಇಳಿಯುವಾಗಲೇ ಎಂದು ಎಷ್ಟೋ ಜನರಿಗೆ ಹೇಳಿದ್ದ ನಾನು, ಅದು ಹೇಗಿರುತ್ತದೆ ಎಂದು ಅಂದು ತಿಳಿದೆ.

ಎಕ್ಸ್‌ರೇ ತೆಗೆಸಿದೆ. ಸವೆತವನ್ನು ಸೊನ್ನೆಯಿಂದ ನಾಲ್ಕರವರೆಗೆ ಗುರುತಿಸುವ ಕೆಲ್‌ಗ್ರೆನ್-ಲಾರೆನ್ಸ್ ಕ್ರಮವೊಂದು 1957ರಿಂದ ಬಳಕೆಯಲ್ಲಿದೆ. ಅದರ ಪ್ರಕಾರ ಬಲಮಂಡಿಗೆ ಮೂರು, ಎಡಮಂಡಿಗೆ ಎರಡು. ನೋಯುತ್ತಿದ್ದದ್ದು ಎಡಗಡೆಯದು! ಎಕ್ಸ್‌ರೇ ನೋಡಿ ಎದೆಗುಂದಿ ಬರುವವರಿಗೆ ನಾನು ಈಗ ಮೊದಲು ಹೇಳುವುದು ಇದನ್ನೇ: ಫಿಲ್ಮಿನಲ್ಲಿ ಕಾಣುವ ಸವೆತಕ್ಕೂ ಕಾಲು ಅನುಭವಿಸುವ ನೋವಿಗೂ ಸರಿಸಮ ಲೆಕ್ಕವಿಲ್ಲ.

ಮಂಡಿನೋವಿಗೆ ಇನ್ನೊಂದು ಗುಣವಿದೆ. ಅದು ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ನೋವು ತಾಳಲಾರದ ದಿನ ನಾವು ಹೊಸ ಎಣ್ಣೆ, ಹೊಸ ಮಾತ್ರೆ ಹುಡುಕುತ್ತೇವೆ. ಹದಿನೈದು ದಿನಕ್ಕೆ ನೋವು ಇಳಿದಾಗ ಆ ಎಣ್ಣೆಗೆ ಕೈಮುಗಿಯುತ್ತೇವೆ. ಈ ತಪ್ಪು ಲೆಕ್ಕ ನನ್ನಿಂದ ಆಗಬಾರದೆಂದು ಒಂದು ನೋಟ್‌ಬುಕ್ ಇಟ್ಟೆ. ವ್ಯಾಯಾಮದ ಕಡೆ ನನಗೆ ಮೊದಲೇ ಒಲವಿದ್ದುದರಿಂದ ಅದು ಇನ್ನೂ ಅಗತ್ಯವಾಗಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಮೂರೇ ಸಾಲು: ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದೆ, ಕ್ಲಿನಿಕ್ಕಿನ 22 ಮೆಟ್ಟಿಲು ಇಳಿಯುವಾಗ ಹತ್ತರಲ್ಲಿ ನೋವೆಷ್ಟು, ವಾರದಲ್ಲಿ ಎಷ್ಟು ರಾತ್ರಿ ನೋವಿಗೆ ಎಚ್ಚರವಾಯಿತು. ಒಂದು ಸಲಕ್ಕೆ ಒಂದೇ ಹೊಸ ಚಿಕಿತ್ಸೆ, ಅದಕ್ಕೆ ಆರು ವಾರ. ಮೊದಲ ಭಾನುವಾರದ ಅಂಕಿ: 7, 6, 4.

ಮೊದಲು ಅತ್ತೆಯವರ ಸರದಿ. ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾವಲಿಯ ಮೇಲೆ ಬಾಡಿಸಿ, ಬಿಸಿ ಇರುವಾಗಲೇ ಮಂಡಿಗೆ ಸುತ್ತಿ ಹಳೆಯ ಪಂಚೆಯ ತುಂಡಿನಿಂದ ಕಟ್ಟಿದರು. "ಬೆಳಿಗ್ಗೆವರೆಗೆ ಬಿಚ್ಚಬೇಡ ಕಣಮ್ಮಾ" ಎಂದರು. ಬಿಸಿ ಹಿತವಾಗಿತ್ತು, ನಿದ್ದೆ ಚೆನ್ನಾಗಿ ಬಂತು. ಆರು ವಾರಗಳ ನಂತರ ಮೂರನೆಯ ಸಾಲಿನ 4 ಎರಡಕ್ಕೆ ಇಳಿದಿತ್ತು. ಕುರ್ಚಿಯ ಸಾಲು ಕದಲಿರಲಿಲ್ಲ. ರಾತ್ರಿಯ ಹಿತಕ್ಕೆ ಬಿಸಿನೀರಿನ ಚೀಲವೂ ಸಾಕು. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅಪಾಯ, ಚರ್ಮ ಸುಡುವುದೂ ಉಂಟು.

ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮಂಡಿ ಚರ್ಮಕ್ಕೆ ಹತ್ತಿರವಿರುವ ಕೀಲು, ಔಷಧ ಅಲ್ಲಿಗೆ ತಲುಪುತ್ತದೆ. ಮೆಟ್ಟಿಲಿನ ನೋವು 6ರಿಂದ 4ಕ್ಕೆ ಬಂತು. ಅದೇ ಔಷಧವನ್ನು ಮಾತ್ರೆಯಾಗಿ ತಿಂಗಳುಗಟ್ಟಲೆ ನುಂಗುವವರನ್ನು ಕಂಡರೆ ನನಗೆ ಭಯವಾಗುತ್ತದೆ; ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡ ಮೂರಕ್ಕೂ ಅದರಿಂದ ತೊಂದರೆ. ಮಾತ್ರೆ ಬೇಕೇ ಬೇಕಾದರೆ ವೈದ್ಯರನ್ನು ಕೇಳಿ, ಕೆಲವೇ ದಿನಕ್ಕೆ.

ಆಮೇಲೆ ವ್ಯಾಯಾಮ. ಸವೆದ ಮೃದ್ವಸ್ಥಿಯನ್ನು, ಎಂದರೆ ಕೀಲಿನಲ್ಲಿ ಮೂಳೆಯ ತುದಿಗಿರುವ ನುಣುಪು ಹೊದಿಕೆಯನ್ನು, ವ್ಯಾಯಾಮ ಮರಳಿ ಬೆಳೆಸುವುದಿಲ್ಲ. ಅದು ಬಲಪಡಿಸುವುದು ತೊಡೆಯ ಮುಂಭಾಗದ ಸ್ನಾಯುವನ್ನು, ಪೃಷ್ಠದ ಸ್ನಾಯುಗಳನ್ನು. ಪ್ರತಿ ಹೆಜ್ಜೆಯ ಪೆಟ್ಟನ್ನು ಇವು ತಾಳಿಕೊಂಡಷ್ಟೂ ಕೀಲಿಗೆ ಬೀಳುವ ಪೆಟ್ಟು ಕಡಿಮೆ. ನಾನು ಮಾಡಿದ್ದು ನಾಲ್ಕೇ ನಾಲ್ಕು: ಮಡಚಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು ಅದನ್ನು ಒತ್ತಿ ಹಿಡಿಯುವುದು, ಮಲಗಿ ಕಾಲು ನೇರವಾಗಿ ಎತ್ತುವುದು, ಕುರ್ಚಿಯಿಂದ ನಿಧಾನವಾಗಿ ಎದ್ದು ಅದಕ್ಕಿಂತ ನಿಧಾನವಾಗಿ ಕೂರುವುದು, ಬಾಗಿಲ ಮೆಟ್ಟಿಲ ಮೇಲೆ ಹತ್ತಿ ಇಳಿಯುವುದು. ವಾರಕ್ಕೆ ಮೂರು ದಿನ. ಕಣಕಾಲಿಗೆ ಒಂದು ಕೆಜಿ ಮರಳು ಚೀಲ ಕಟ್ಟಿಕೊಂಡು ಶುರು ಮಾಡಿ ಮೂರು ಕೆಜಿಗೆ ಹೋದೆ.

ಮೊದಲ ಎರಡು ವಾರ ನೋವು ಹೆಚ್ಚಾಯಿತು. ಬಹುಪಾಲು ಜನ ಬಿಟ್ಟುಬಿಡುವುದು ಇಲ್ಲೇ, ಮತ್ತು ಅವರನ್ನು ಹಿಡಿದು ನಿಲ್ಲಿಸಬೇಕಾದ ನಾವು ಸರಿಯಾಗಿ ಹೇಳಿಕೊಡುವುದಿಲ್ಲ. ನಾನು ಪಾಲಿಸಿದ ನಿಯಮ: ಮಾಡುವಾಗ ನೋವು ಹತ್ತರಲ್ಲಿ ಐದನ್ನು ದಾಟಬಾರದು, ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಕಡಿಮೆ ಮಾಡಬೇಕು, ನಿಲ್ಲಿಸಬಾರದು. ಆರನೆಯ ವಾರಕ್ಕೆ ಕುರ್ಚಿಯ ಅಂಕಿ 10. ಹನ್ನೆರಡನೆಯ ವಾರಕ್ಕೆ 14, ಮೆಟ್ಟಿಲಿನ ನೋವು 2.

ಜೊತೆಗೆ ತೂಕ 71ರಿಂದ 65 ಕೆಜಿಗೆ ಇಳಿಯಿತು. ರಾತ್ರಿಯ ಅನ್ನ ಅರ್ಧ ಮಾಡಿದೆ, ದಿನಕ್ಕೆ ನಾಲ್ಕು ಕಾಫಿಯ ಸಕ್ಕರೆ ಬಿಟ್ಟೆ. ಒಂದು ಕೆಜಿ ತೂಕ ಇಳಿದರೆ ಹೆಜ್ಜೆಗೆ ಸುಮಾರು ನಾಲ್ಕು ಕೆಜಿ ಭಾರ ಮಂಡಿಯಿಂದ ಇಳಿಯುತ್ತದೆ ಎಂದು 2005ರ ಅಮೆರಿಕದ ಅಧ್ಯಯನವೊಂದು ಅಳೆದು ತೋರಿಸಿದೆ.

ಮಗಳ ಮದುವೆ ಬಂತು. ಏಳು ವಾರ ವ್ಯಾಯಾಮ ಬಿಟ್ಟೆ, ಮಂಡಿ ಊದಿತು, ಕುರ್ಚಿಯ ಅಂಕಿ 10ಕ್ಕೆ ಬಿತ್ತು. ಮುಹೂರ್ತಕ್ಕೆ ಐದು ದಿನವಿರುವಾಗ ಸ್ಟೀರಾಯ್ಡ್ ಇಂಜೆಕ್ಷನ್ ತೆಗೆದುಕೊಂಡೆ. ಮೂರನೆಯ ದಿನಕ್ಕೆ ಮೆಟ್ಟಿಲಿನ ನೋವು 1! ಧಾರೆಯ ಹೊತ್ತು ಪೂರ್ತಿ ನಿಂತಿದ್ದೆ, ಆ ಇಂಜೆಕ್ಷನ್ನಿಗೆ ನಾನು ಇಂದಿಗೂ ಋಣಿ. ಆದರೆ ಕುರ್ಚಿಯ ಅಂಕಿ ಹತ್ತರಲ್ಲೇ ಇತ್ತು. ನೋವು ಹೋಗಿತ್ತು, ಬಲ ಬಂದಿರಲಿಲ್ಲ. ಆರನೆಯ ವಾರಕ್ಕೆ ನೋವೂ ಮರಳಿತು. 2020ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 156 ಜನರಲ್ಲಿ ಫಿಸಿಯೋಥೆರಪಿಯನ್ನೂ ಸ್ಟೀರಾಯ್ಡ್ ಇಂಜೆಕ್ಷನ್ನನ್ನೂ ಹೋಲಿಸಿತ್ತು. ಒಂದು ವರ್ಷದ ಕೊನೆಗೆ ಫಿಸಿಯೋಥೆರಪಿ ಪಡೆದವರೇ ಹೆಚ್ಚು ಸುಧಾರಿಸಿದ್ದರು. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಈ ಇಂಜೆಕ್ಷನ್ ಪಡೆದವರಲ್ಲಿ ಮೃದ್ವಸ್ಥಿ ಹೆಚ್ಚು ಸವೆದದ್ದು 2017ರ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಹಾಗಾಗಿ ಒಂದಕ್ಕೆ ನಿಲ್ಲಿಸಿದೆ.

ಮಂಡಿನೋವಿಗೆಂದು ಮಾರುವ ಗ್ಲುಕೋಸಮೈನ್ ಮಾತ್ರೆ ನುಂಗಲಿಲ್ಲ, ಪಿಆರ್‌ಪಿ ಮಾಡಿಸಲಿಲ್ಲ. ನಮ್ಮದೇ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ ಚುಚ್ಚುವ ಈ ಪಿಆರ್‌ಪಿಗೆ ಜನ ಒಡವೆ ಅಡವಿಡುವುದನ್ನು ನೋಡಿದ್ದೇನೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ನೋವಿನ ವಿಷಯದಲ್ಲಿ ಅದು ಉಪ್ಪುನೀರಿನ ಇಂಜೆಕ್ಷನ್ನನ್ನು ಮೀರಲಿಲ್ಲ.

ಶಸ್ತ್ರಚಿಕಿತ್ಸೆಯ ವಿಷಯದಲ್ಲಿ ನನ್ನ ಮಂಡಿ ಸಾಕ್ಷಿಯಲ್ಲ, ಅತ್ತೆಯವರದು. 74 ವರ್ಷ, ನಾಲ್ಕನೆಯ ಹಂತ, ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗಿತ್ತು. ನೋಯುವ ಕಾಲಿನ ಎದುರು ಕೈಯಲ್ಲಿ ಕೋಲು ಹಿಡಿಸಿದೆ, ಐದು ತಿಂಗಳು ವ್ಯಾಯಾಮ ಮಾಡಿಸಿದೆ. ಆದರೂ ರಾತ್ರಿ ಬಚ್ಚಲಿಗೆ ಹೋಗಲು ಗೋಡೆ ಹಿಡಿದು ಅಳುತ್ತಿದ್ದರು. ಅಂಥವರಿಗೆ ಇನ್ನೂ ವ್ಯಾಯಾಮ ಮಾಡಿ ಎನ್ನುವುದು ಕ್ರೌರ್ಯ. 2015ರ ಡೆನ್ಮಾರ್ಕಿನ ಅಧ್ಯಯನದಲ್ಲೂ ಮಂಡಿ ಬದಲಿಸಿಕೊಂಡವರಿಗೆ ಹೆಚ್ಚು ಗುಣ ಕಂಡಿತ್ತು, ಗಂಭೀರ ತೊಡಕುಗಳೂ ಅವರಲ್ಲೇ ಹೆಚ್ಚು; ಬದಲಿಸಿಕೊಳ್ಳದ ಗುಂಪಿನಲ್ಲಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದವರು ಕಾಲು ಭಾಗದಷ್ಟು ಮಾತ್ರ. ಎರಡನ್ನೂ ಅತ್ತೆಯವರಿಗೆ ಬಿಡಿಸಿ ಹೇಳಿದೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿ, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ 54,720 ರೂಪಾಯಿ ನಿಗದಿ ಮಾಡಿದ ಮೇಲೆ ಈ ಮಾತು ನಮ್ಮಂಥ ಮನೆಗಳಲ್ಲೂ ಆಡಬಹುದಾಗಿದೆ.

"ನೀನು ಪಕ್ಕದಲ್ಲಿದ್ದರೆ ಮಾಡಿಸಿಕೊಳ್ಳುತ್ತೇನೆ" ಎಂದರು. ಶಸ್ತ್ರಚಿಕಿತ್ಸೆಯ ಮರುದಿನವೇ ವಾಕರ್ ಹಿಡಿದು ನಾಲ್ಕು ಹೆಜ್ಜೆ ನಡೆದರು. ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಈಗ ಅವರ ಪುಟವಿದೆ. ಮೊದಲ ಭಾನುವಾರ ಕುರ್ಚಿಯ ಅಂಕಿ ಸೊನ್ನೆ, ಹನ್ನೆರಡನೆಯ ಭಾನುವಾರ 8. ಅಂದು ನನ್ನ ಪುಟದಲ್ಲಿ 13.