ತೈಲ–ಅನಿಲ ಕ್ಷೇತ್ರದಲ್ಲಿ ಸೇಫ್ಟಿ ಕೆಲಸ: ಯಾವ ಕೋರ್ಸ್, ಯಾವಾಗ, ಯಾವ ದಾರಿಯಲ್ಲಿ

ಸೇಫ್ಟಿ ಕೋರ್ಸ್ ಮುಗಿಸಿದವರಿಗೆ ಬರವಿಲ್ಲ. ಒಂದು ಪರ್ಮಿಟ್ (ಅಪಾಯದ ಕೆಲಸಕ್ಕೆ ಮುಂಚೆ ಕೊಡುವ ಲಿಖಿತ ಅನುಮತಿ) ಕೈಗೆ ಕೊಟ್ಟರೆ ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಹೇಳಬಲ್ಲವರಿಗೇ ಬರ. ರಿಫೈನರಿ, ರಿಗ್, ಗ್ಯಾಸ್ ಪ್ಲಾಂಟ್‌ಗಳ ಸಂದರ್ಶನದಲ್ಲಿ ಹುಡುಕುವುದು ಈ ಎರಡನೆಯವರನ್ನು. ಹಾಗಾಗಿ ಸರ್ಟಿಫಿಕೇಟುಗಳನ್ನು ಪೇರಿಸುವ ಮೊದಲು ಯಾವುದು ಯಾವ ಕೆಲಸಕ್ಕೆ ಬೇಕು, ಯಾವ ಹಂತದಲ್ಲಿ ಬೇಕು ಎಂದು ತಿಳಿದಿರಲಿ.

ಎರಡು ಬಗೆಯ ಸೇಫ್ಟಿ

ಎತ್ತರದಿಂದ ಬೀಳುವುದು, ಯಂತ್ರಕ್ಕೆ ಕೈ ಸಿಗುವುದು, ಕ್ರೇನಿನ ಹೊರೆ ಬಡಿಯುವುದು ಎಲ್ಲ ಕಾರ್ಖಾನೆಗಳಲ್ಲೂ ಇರುವ ಅಪಾಯಗಳೇ. ತೈಲ–ಅನಿಲದಲ್ಲಿ ಇವುಗಳ ಜೊತೆಗೆ ಪ್ರೋಸೆಸ್ ಸೇಫ್ಟಿ ಸೇರುತ್ತದೆ. ಅಂದರೆ ಪೈಪು, ವೆಸೆಲ್ (ಮುಚ್ಚಿದ ದೊಡ್ಡ ಪಾತ್ರೆ), ಟ್ಯಾಂಕುಗಳಲ್ಲಿರುವ ಹೈಡ್ರೋಕಾರ್ಬನ್ (ಉರಿಯುವ ತೈಲ, ಅನಿಲ) ಹೊರಗೆ ಬರದಂತೆ ನೋಡಿಕೊಳ್ಳುವುದು. ಮೊದಲನೆಯದು ಚೆನ್ನಾಗಿದ್ದರೆ ಎರಡನೆಯದೂ ಚೆನ್ನಾಗಿದೆ ಎಂದು ನಂಬುವಂತಿಲ್ಲ. 2005ರಲ್ಲಿ ಅಮೆರಿಕದ ಟೆಕ್ಸಸ್ ಸಿಟಿ ರಿಫೈನರಿಯಲ್ಲಿ ಘಟಕವೊಂದನ್ನು ಮತ್ತೆ ಚಾಲೂ ಮಾಡುವಾಗ ಟವರ್ ಮಿತಿಮೀರಿ ತುಂಬಿತು. ಹೊರಬಿದ್ದ ಆವಿಗೆ ಬೆಂಕಿ ಹತ್ತಿ 15 ಮಂದಿ ಸತ್ತರು. ಗಾಯಗಳ ಅಂಕಿ ಕಡಿಮೆಯಿದೆ ಎಂಬುದನ್ನೇ ಪ್ರೋಸೆಸ್ ಸೇಫ್ಟಿಯ ಅಳತೆ ಎಂದುಕೊಂಡಿದ್ದು ತಪ್ಪು ಎಂದು ಆಮೇಲಿನ ಪರಿಶೀಲನೆ ಹೇಳಿತು.

ಪರ್ಮಿಟ್ ಪದ್ಧತಿಗೆ ಯಾಕಿಷ್ಟು ಮಹತ್ವ ಎಂದು ತಿಳಿಯಲು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯ ದುರಂತ ಸಾಕು. 1988ರ ಜುಲೈ 6ರಂದು ಪಂಪೊಂದರ ರಿಲೀಫ್ ವಾಲ್ವ್ (ಒತ್ತಡ ಮಿತಿಮೀರಿದರೆ ಹೊರಬಿಡುವ ಕವಾಟ) ಬಿಚ್ಚಿಡಲಾಗಿತ್ತು. ಆ ಸಂಗತಿ ರಾತ್ರಿ ಶಿಫ್ಟಿನವರಿಗೆ ತಲುಪಲಿಲ್ಲ, ಅವರು ಅದೇ ಪಂಪನ್ನು ಚಾಲೂ ಮಾಡಿದರು. ಸೋರಿಕೆಗೆ ಬೆಂಕಿ ಹತ್ತಿ 167 ಮಂದಿ ಸತ್ತರು. ಶಿಫ್ಟ್ ಹ್ಯಾಂಡೋವರ್, ಐಸೊಲೇಶನ್ (ದುರಸ್ತಿಯಲ್ಲಿರುವ ಉಪಕರಣವನ್ನು ಚಾಲೂ ಆಗದಂತೆ ಬೇರ್ಪಡಿಸುವುದು), ಪರ್ಮಿಟ್ ಈ ಮೂರೂ ಒಂದಕ್ಕೊಂದು ಹೇಗೆ ಕೂಡಿಕೊಂಡಿರಬೇಕು ಎಂಬುದನ್ನು ಈ ಪ್ರಕರಣ ಓದಿ ಕಲಿಯಿರಿ. ಸಂದರ್ಶನದಲ್ಲೂ ನೆರವಾಗುತ್ತದೆ.

ಮೊದಲ ಸರ್ಟಿಫಿಕೇಟ್

ದೇಶದಿಂದ ದೇಶಕ್ಕೆ ಹೆಚ್ಚು ಚಾಲ್ತಿಯಲ್ಲಿರುವುದು ಬ್ರಿಟನ್ನಿನ ಸೇಫ್ಟಿ ಪರೀಕ್ಷಾ ಸಂಸ್ಥೆ ನೆಬಾಷ್‌ನ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್, ಬಾಯಿಮಾತಿನಲ್ಲಿ ಐಜಿಸಿ. ಇದರಲ್ಲಿ ಎರಡು ಭಾಗ. ಮೊದಲನೆಯದು ಪುಸ್ತಕ ನೋಡಿ ಬರೆಯುವ ಪರೀಕ್ಷೆ, ಪಾಸಾಗಲು 45 ಅಂಕ ಬೇಕು. ಎರಡನೆಯದು ನಿಜವಾದ ಕೆಲಸದ ಜಾಗವೊಂದರ ರಿಸ್ಕ್ ಅಸೆಸ್‌ಮೆಂಟ್ (ಅಪಾಯಗಳ ಅಂದಾಜು), ಅದಕ್ಕೆ ಅಂಕವಿಲ್ಲ, ಪಾಸ್ ಅಥವಾ ಮತ್ತೆ ಬರೆಯಬೇಕು, ಅಷ್ಟೆ.

ಪುಸ್ತಕ ಎದುರಿಗಿದೆ ಎಂದು ಹಗುರವಾಗಿ ತೆಗೆದುಕೊಂಡವರೇ ಹೆಚ್ಚಾಗಿ ಬೀಳುತ್ತಾರೆ. ಪರೀಕ್ಷೆಯಲ್ಲಿ ಒಂದು ಕಂಪನಿಯ ಸನ್ನಿವೇಶ ಕೊಟ್ಟಿರುತ್ತಾರೆ. ಉತ್ತರ ಅಲ್ಲಿಂದಲೇ ಬರಬೇಕು. “ಮೇಲಧಿಕಾರಿಗಳ ಬದ್ಧತೆ ಇಲ್ಲ” ಎಂದಷ್ಟೇ ಬರೆದರೆ ಅಂಕ ಬರುವುದಿಲ್ಲ. ಸನ್ನಿವೇಶದಲ್ಲಿ ಮ್ಯಾನೇಜರು ಏನು ಮಾಡಿದ, ಏನು ಮಾಡದೆ ಬಿಟ್ಟ ಎಂಬುದನ್ನು ಹೆಕ್ಕಿ ತೋರಿಸಬೇಕು. ಪುಸ್ತಕದ ಸಾಲುಗಳನ್ನು ಹಾಗೇ ಇಳಿಸಿದರೆ ಅಥವಾ ಗೆಳೆಯನ ಉತ್ತರ ತಂದರೆ ಫಲಿತಾಂಶವೇ ರದ್ದಾಗುವ ಅಪಾಯವಿದೆ. ರಿಸ್ಕ್ ಅಸೆಸ್‌ಮೆಂಟಿನಲ್ಲಿ ಎಡವುವುದು ಬೇರೆ ಕಾರಣಕ್ಕೆ. ಎಲ್ಲ ಅಪಾಯಕ್ಕೂ “ತರಬೇತಿ ಕೊಡಿ, ಪಿಪಿಇ (ಹೆಲ್ಮೆಟ್, ಕೈಗವಸಿನಂಥ ರಕ್ಷಣಾ ಸಾಧನ) ಹಾಕಿಸಿ” ಎಂದೇ ಬರೆದಿರುತ್ತಾರೆ. ಅಪಾಯವನ್ನೇ ತೆಗೆದುಹಾಕಲು ಆಗುತ್ತದೆಯೇ, ಆಗದಿದ್ದರೆ ಎಂಜಿನಿಯರಿಂಗ್ ಉಪಾಯವಿದೆಯೇ ಎಂದು ಮೊದಲು ನೋಡಿ, ಪಿಪಿಇ ಕೊನೆಗೆ. ಯಾರು ಮಾಡಬೇಕು, ಎಷ್ಟು ದಿನದೊಳಗೆ ಎಂಬುದನ್ನೂ ಬರೆಯಿರಿ.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ 30 ಗಂಟೆಯ ಕಾರ್ಡನ್ನು ಹಲವರು ಇದಕ್ಕೆ ಸಮ ಎಂದುಕೊಳ್ಳುತ್ತಾರೆ. ಅದು ಅಮೆರಿಕದ ಕಾನೂನಿನ ಪರಿಚಯ ಕೊಡುವ ತರಬೇತಿಯಷ್ಟೇ. ಐಯೋಷ್ ಸಂಸ್ಥೆಯ ಮ್ಯಾನೇಜಿಂಗ್ ಸೇಫ್ಟಿ ಕೋರ್ಸ್ ಸೂಪರ್‌ವೈಸರ್, ಮ್ಯಾನೇಜರ್‌ಗಳಿಗೆ ಮಾಡಿದ್ದು, ಸೇಫ್ಟಿ ಆಫೀಸರ್ ಆಗಲು ಅದೊಂದೇ ಸಾಲದು. ಇನ್ನೊಂದು ಮಾತು: ಕೆಲಸ ಮಾಡುವ ದೇಶದ ಕಾನೂನು ಸೇಫ್ಟಿ ಆಫೀಸರ್‌ಗೆ ತನ್ನದೇ ಡಿಪ್ಲೊಮಾ ಅಥವಾ ಪದವಿ ಕೇಳಬಹುದು. ಆ ಜಾಗಕ್ಕೆ ನೆಬಾಷ್ ಬದಲಿಯಾಗುವುದಿಲ್ಲ. ಶುಲ್ಕ ಕಟ್ಟುವ ಮೊದಲು ಈ ನಿಯಮ ನೋಡಿಕೊಳ್ಳಿ.

ಒಳಗೆ ಹೋಗುವ ದಾರಿಗಳು

ಎಲ್ಲಕ್ಕಿಂತ ಗಟ್ಟಿಯಾದ ದಾರಿ ಪ್ಲಾಂಟಿನ ಒಳಗಿನಿಂದ ಬರುವುದು. ವೆಲ್ಡರ್, ಸ್ಕ್ಯಾಫೋಲ್ಡರ್, ಎಲೆಕ್ಟ್ರಿಷಿಯನ್, ಆಪರೇಟರ್ ಆಗಿದ್ದವರಿಗೆ ಕೆಲಸ ಎಲ್ಲಿ ಹದ ತಪ್ಪುತ್ತದೆ ಎಂಬುದು ಗೊತ್ತು. ಅವರು ಮೊದಲು ಪರ್ಮಿಟ್ ಪಡೆಯುವ ಅಧಿಕಾರ, ಆಮೇಲೆ ಗ್ಯಾಸ್ ಟೆಸ್ಟರ್ ಅನುಮತಿ ಗಳಿಸಿ, ಐಜಿಸಿ ಸೇರಿಸಿಕೊಂಡರೆ ಸೇಫ್ಟಿ ವಿಭಾಗಕ್ಕೆ ದಾಟುವುದು ಸಹಜ.

ಹೊಸಬರಿಗೆ ಸುಲಭವಾಗಿ ಸಿಗುವುದು ಶಟ್‌ಡೌನ್ ಕೆಲಸ. ಪ್ಲಾಂಟ್ ನಿಲ್ಲಿಸಿ ದುರಸ್ತಿ ಮಾಡುವ ಕೆಲವು ವಾರಗಳಲ್ಲಿ ಗುತ್ತಿಗೆದಾರರಿಗೆ ಫೈರ್ ವಾಚ್ (ಬೆಂಕಿ ಹತ್ತದಂತೆ ಕಾಯುವುದು), ಹೋಲ್ ವಾಚ್ (ವೆಸೆಲಿನೊಳಗೆ ಹೋದವರನ್ನು ಹೊರಗಿನಿಂದ ಕಾಯುವುದು) ಮಾಡುವವರು ದೊಡ್ಡ ಸಂಖ್ಯೆಯಲ್ಲಿ ಬೇಕು. ಕೆಲಸ ತಾತ್ಕಾಲಿಕ, ಪಾಳಿ ಉದ್ದ. ಆದರೆ ಹಾಟ್ ವರ್ಕ್ (ವೆಲ್ಡಿಂಗ್‌ನಂಥ ಕಿಡಿ, ಬೆಂಕಿಯ ಕೆಲಸ), ವೆಸೆಲ್ ಎಂಟ್ರಿ, ಭಾರ ಎತ್ತುವಿಕೆ ಎಲ್ಲ ಒಟ್ಟಿಗೆ ನಡೆಯುವುದನ್ನು ಬೇರೆಲ್ಲೂ ಇಷ್ಟು ಬೇಗ ನೋಡಲಾಗದು. ಪ್ರತಿ ಶಟ್‌ಡೌನಿನಲ್ಲಿ ಯಾವ ಬಗೆಯ ಕೆಲಸ ಕಾಯ್ದಿರಿ, ಏನು ನಿಲ್ಲಿಸಿದಿರಿ ಎಂದು ಬರೆದಿಟ್ಟುಕೊಳ್ಳಿ. ರೆಸ್ಯೂಮೆಯಲ್ಲಿ ಇದಕ್ಕೇ ಬೆಲೆ.

ಅಗ್ನಿಶಾಮಕ ಹಿನ್ನೆಲೆಯವರು ತುರ್ತು ಸ್ಪಂದನೆಯ ಕಡೆಯಿಂದ ಬರಬಹುದು, ನರ್ಸಿಂಗ್ ಮಾಡಿದವರು ಆಫ್‌ಶೋರ್ (ಸಮುದ್ರದ ಮೇಲಿನ) ಮೆಡಿಕ್ ಆಗಿ. ಕೆಮಿಕಲ್ ಎಂಜಿನಿಯರುಗಳು ಸೇಫ್ಟಿ ಆಫೀಸರ್ ಹುದ್ದೆಯ ಹಿಂದೆ ಬೀಳುವುದಕ್ಕಿಂತ ಹ್ಯಾಜಾಪ್ (ಪ್ರಕ್ರಿಯೆ ಎಲ್ಲಿ ಹದ ತಪ್ಪಬಹುದು ಎಂದು ಹುಡುಕುವುದು), ಲೋಪಾ (ಅದಕ್ಕಿರುವ ರಕ್ಷಣೆಯ ಪದರಗಳು ಸಾಕೇ ಎಂದು ನೋಡುವುದು) ಅಧ್ಯಯನಗಳಲ್ಲಿ ಮೊದಲು ದಾಖಲೆ ಬರೆಯುವವರಾಗಿ ಕೂರುವುದು ಲೇಸು.

ಗ್ಯಾಸ್ ಟೆಸ್ಟಿಂಗ್ ಆಳವಾಗಿ ಕಲಿಯಿರಿ

ಈ ಕ್ಷೇತ್ರದಲ್ಲಿ ಹೊಸಬರನ್ನು ಬೇರ್ಪಡಿಸುವ ಜ್ಞಾನ ಇದು. ನಾಲ್ಕು ಗ್ಯಾಸಿನ ಮೀಟರ್ ಆಮ್ಲಜನಕ, ಉರಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ತೋರಿಸುತ್ತದೆ. ಓದುವಾಗ ಮೊದಲು ಆಮ್ಲಜನಕ, ಆಮೇಲೆ ಉರಿಯುವ ಅನಿಲ, ಕೊನೆಗೆ ವಿಷಾನಿಲ. ಈ ಕ್ರಮಕ್ಕೆ ಕಾರಣವಿದೆ: ಉರಿಯುವ ಅನಿಲಕ್ಕೆ ಸಾಮಾನ್ಯವಾಗಿ ಬಳಸುವ ಕ್ಯಾಟಲಿಟಿಕ್ ಸೆನ್ಸರ್ ಅನಿಲವನ್ನು ಸುಟ್ಟು ಅಳೆಯುತ್ತದೆ, ಸುಡಲು ಆಮ್ಲಜನಕ ಬೇಕು. ನೈಟ್ರೋಜನ್ ತುಂಬಿಸಿದ ವೆಸೆಲಿನಲ್ಲಿ ಅದು “ಸೊನ್ನೆ” ಎಂದು ಸುಳ್ಳು ಹೇಳಬಹುದು. ಒಳಗೆ ಹೋದವನು ಉಸಿರುಗಟ್ಟಿ ಬೀಳುತ್ತಾನೆ. ಮ್ಯಾನ್‌ಹೋಲಿನಿಂದ ಗಾಳಿ ನುಗ್ಗಿದೊಡನೆ ಉಳಿದ ಅನಿಲ ಉರಿಯುವ ಹದಕ್ಕೂ ಬರುತ್ತದೆ.

ಅಮೆರಿಕದ ಓಶಾ ನಿಯಮದಲ್ಲಿ ಆಮ್ಲಜನಕ 19.5ರಿಂದ 23.5 ಶೇಕಡಾ ಇರಬೇಕು, ಉರಿಯುವ ಅನಿಲ ಎಲ್‌ಇಎಲ್‌ನ 10 ಶೇಕಡಾ ಮೀರಬಾರದು. ಎಲ್‌ಇಎಲ್ ಎಂದರೆ ಅನಿಲ ಉರಿಯಬಲ್ಲ ಕನಿಷ್ಠ ಪ್ರಮಾಣ. ಮೀಥೇನಿಗೆ ಅದು ಗಾಳಿಯಲ್ಲಿ ಸುಮಾರು 5 ಶೇಕಡಾ. ಅಂದರೆ ಮೀಟರಿನ 10 ಎಂದರೆ ಗಾಳಿಯಲ್ಲಿ ಅರ್ಧ ಶೇಕಡಾ ಮೀಥೇನ್. ಇದನ್ನು ಬಿಡಿಸಿ ಹೇಳಲಾರದೆ ಸಂದರ್ಶನದಲ್ಲಿ ತಡವರಿಸುವವರು ಬಹಳ. ಹಾಟ್ ವರ್ಕ್‌ಗೆ ಕಂಪನಿಗಳು ಇದಕ್ಕಿಂತ ಬಿಗಿಯಾದ ಮಿತಿ ಇಡುತ್ತವೆ.

ಮೀಥೇನ್ ಗಾಳಿಗಿಂತ ಹಗುರ, ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ. ಆದ್ದರಿಂದ ಮೇಲೆ, ನಡುವೆ, ತಳದಲ್ಲಿ ಮೂರೂ ಕಡೆ ಓದಬೇಕು. ಉದ್ದದ ಟ್ಯೂಬ್ ಹಾಕಿದರೆ ಮಾದರಿ ಮೀಟರಿಗೆ ತಲುಪುವವರೆಗೆ ಕಾಯಬೇಕು. ಕೊಳೆತ ಮೊಟ್ಟೆಯ ವಾಸನೆಯನ್ನು ನೆಚ್ಚಿಕೊಳ್ಳಬೇಡಿ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಹೊತ್ತಿಗೆ ಹೈಡ್ರೋಜನ್ ಸಲ್ಫೈಡ್ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ವಾಸನೆ ನಿಂತರೆ ಅನಿಲ ಹೋಯಿತೆಂದಲ್ಲ. ಬಳಸುವ ಮುನ್ನ ಮೀಟರಿಗೆ ಗೊತ್ತಿರುವ ಅನಿಲ ಹಾಯಿಸಿ ಬಂಪ್ ಟೆಸ್ಟ್ ಮಾಡಿ. ಸಿಲಿಕೋನ್ ಇರುವ ಸ್ಪ್ರೇ, ಪಾಲಿಶ್ ಸೆನ್ಸರನ್ನು ಸದ್ದಿಲ್ಲದೆ ಹಾಳು ಮಾಡುತ್ತವೆ, ಪರದೆ ಮಾತ್ರ ಎಂದಿನಂತೆಯೇ ಇರುತ್ತದೆ.

ಆಫ್‌ಶೋರ್ ಹೋಗುವವರಿಗೆ

ಸಮುದ್ರದ ಮೇಲಿನ ಕೆಲಸಕ್ಕೆ ಹಲವೆಡೆ ಒಪಿಟೊ (ಆಫ್‌ಶೋರ್ ತರಬೇತಿಯ ಮಾನದಂಡ ನಿಗದಿ ಮಾಡುವ ಸಂಸ್ಥೆ) ಮಾನ್ಯತೆಯ ಬೋಸಿಯೆಟ್ ಎಂಬ ಆರಂಭಿಕ ಸುರಕ್ಷತಾ ತರಬೇತಿ ಕೇಳುತ್ತಾರೆ. ಮೂರು ದಿನದ ಇದರಲ್ಲಿ ಬೆಂಕಿ ನಂದಿಸುವುದು, ಸಮುದ್ರದಲ್ಲಿ ಬದುಕುಳಿಯುವುದು, ನೀರಿನಲ್ಲಿ ಮಗುಚಿದ ಹೆಲಿಕಾಪ್ಟರ್ ಮಾದರಿಯಿಂದ ಪಾರಾಗುವುದು ಸೇರಿವೆ. ಸರ್ಟಿಫಿಕೇಟಿನ ಅವಧಿ 4 ವರ್ಷ. ಮುಗಿಯುವ ಮುಂಚೆ ಒಂದು ದಿನದ ಫೋಯೆಟ್ ಎಂಬ ಮರುತರಬೇತಿ ಮಾಡಿದರೆ ನವೀಕರಣ, ತಪ್ಪಿದರೆ ಮತ್ತೆ ಮೊದಲಿನಿಂದ. ಬೆಚ್ಚಗಿನ ಸಮುದ್ರಗಳಿಗೆ ಟಿ-ಬೋಸಿಯೆಟ್ ಬೇರೆ ಇದೆ. ಅದು ಮಾಡಿಕೊಂಡು ಉತ್ತರ ಸಮುದ್ರಕ್ಕೆ ಹೋಗಲಾಗದು. ಕೆಲಸ ಖಚಿತವಾಗುವ ಮುಂಚೆ ಬೋಸಿಯೆಟ್ ಮಾಡಿಸಿಕೊಂಡು ಕೂತರೆ ಅವಧಿ ವ್ಯರ್ಥವಾಗಿ ಕರಗುತ್ತದೆ. ಈಜು ಬಾರದಿದ್ದರೂ ತರಬೇತಿಗೆ ಅಡ್ಡಿಯಿಲ್ಲ, ನೀರಿನ ಭಯವಿದ್ದರೆ ಮುಂಚೆಯೇ ತರಬೇತುದಾರರಿಗೆ ಹೇಳಿ.

ಮುಂದಿನ ಹಂತ

ಎರಡು-ಮೂರು ವರ್ಷ ಫೀಲ್ಡಿನಲ್ಲಿ ಕಳೆದ ಮೇಲೆ ನೆಬಾಷ್‌ನ ಪ್ರೋಸೆಸ್ ಸೇಫ್ಟಿ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟ್ ಅರ್ಥಪೂರ್ಣ. ಮ್ಯಾನೇಜರ್ ಹುದ್ದೆ ಬೇಕಿದ್ದವರಿಗೆ ಅದೇ ಸಂಸ್ಥೆಯ ಇಂಟರ್‌ನ್ಯಾಷನಲ್ ಡಿಪ್ಲೊಮಾ. ಅಮೆರಿಕದ ಕಂಪನಿಗಳಲ್ಲಿ ಸಿಎಸ್‌ಪಿ (ಸರ್ಟಿಫೈಡ್ ಸೇಫ್ಟಿ ಪ್ರೊಫೆಷನಲ್) ಹೆಚ್ಚು ಚಾಲ್ತಿ. ಅದಕ್ಕೆ ಪದವಿಯ ಜೊತೆಗೆ 4 ವರ್ಷದ ಸೇಫ್ಟಿ ಅನುಭವ ಬೇಕು. ಅನುಭವವೇ ಇಲ್ಲದೆ ಡಿಪ್ಲೊಮಾ ಮಾಡಿದವರ ಪಾಡು ಕಷ್ಟ: ಕಿರಿಯ ಹುದ್ದೆಗೆ ಓದು ಹೆಚ್ಚಾಯಿತು, ಹಿರಿಯ ಹುದ್ದೆಗೆ ಅನುಭವ ಕಡಿಮೆಯಾಯಿತು.

ಕೋರ್ಸ್ ಸೇರುವಾಗ ತರಬೇತಿ ಕೇಂದ್ರದ ಹೆಸರು ನೆಬಾಷ್ ಅಥವಾ ಒಪಿಟೊ ಜಾಲತಾಣದ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿ. ಕೇಂದ್ರ ತೋರಿಸುವ ಫ್ರೇಮು ಹಾಕಿದ ಪ್ರಮಾಣಪತ್ರ ಸಾಲದು. “ಪರೀಕ್ಷೆ ನಾವೇ ಬರೆಸುತ್ತೇವೆ” ಎನ್ನುವವರಿಂದ ದೂರವಿರಿ, ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಅರ್ಹತೆ. ವೀಸಾ, ಮೆಡಿಕಲ್ ಎಂದು ಆಫರ್ ಲೆಟರಿನ ಜೊತೆಗೇ ಹಣ ಕೇಳಿದರೆ ಆ ಆಫರ್ ಅನ್ನು ಕಂಪನಿಯ ಅಧಿಕೃತ ವಿಳಾಸಕ್ಕೆ ಬರೆದು ವಿಚಾರಿಸುವವರೆಗೆ ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಬೇಡಿ.